ಮನೆಯ ತೂಕ

ನನ್ನ ಯಂತ್ರಕ್ಕೆ ಇದ್ದದ್ದು ಒಂದೇ ಕುಂದು. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಈಸ್ಟ್ ಯಾವುದು, ವೆಸ್ಟ್ ಯಾವುದು ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಈ ಊರಿನಲ್ಲಿ ರೈಲು ಹಳಿಯ ಆಚೆ ಇರುವವರು ಈಚೆಯವರಿಗೆ ಹೆಣ್ಣು ಕೊಡಲೂ ಯೋಚಿಸುತ್ತಾರೆ, ಇಲ್ಲಿ ಹುಟ್ಟಿದ ಕೂಸೂ ಅಳುವ ಮೊದಲು ತಾನು ಯಾವ ಕಡೆಯದೆಂದು ನೋಡಿಕೊಳ್ಳುತ್ತದೆ. ಹದಿನಾರು ವರ್ಷ ಓದಿ, ಇಪ್ಪತ್ತೈದು ವರ್ಷ ದುಡಿದು ನಾನು ಕಟ್ಟಿದ ಯಂತ್ರಕ್ಕೆ ಅಷ್ಟು ಗೊತ್ತಿರಲಿಲ್ಲ.

ನನ್ನ ಹೆಸರು ಯಾಮಿನಿ. ಮೈಸೂರಿನವಳು. ಮದುವೆಯಾಗಿ ಇಲ್ಲಿಗೆ ಬಂದೆ. ಗಂಡ ಎಂಬುವವರು ಒಬ್ಬರಿದ್ದರು, ಈಗ ಪುಣೆಯಲ್ಲಿ ಬೇರೆಯವರ ಗಂಡನಾಗಿದ್ದಾರೆ. ಮಕ್ಕಳಿಲ್ಲ. ಥಾಕುರ್ಲಿಯಲ್ಲಿ ನಾಲ್ಕನೇ ಮಹಡಿಯ ಮನೆ, ರಬಾಳೆಯ ಕೈಗಾರಿಕಾ ವಸಾಹತಿನಲ್ಲಿ ಹನ್ನೆರಡು ಜನರ ಸಣ್ಣ ಕಂಪನಿಯಲ್ಲಿ ಕೆಲಸ. ಇಷ್ಟೇ ನನ್ನ ಚರಿತ್ರೆ. ಹೇಳಿ ಮುಗಿಸಲು ಥಾಕುರ್ಲಿಯಿಂದ ಪಕ್ಕದ ಸ್ಟೇಷನ್ ಡೊಂಬಿವಲಿಗೆ ಹೋಗುವಷ್ಟು ಹೊತ್ತೂ ಬೇಕಿಲ್ಲ.

ಯಂತ್ರದ ವಿಷಯ ಸ್ವಲ್ಪ ಹೇಳಲೇಬೇಕು. ತಗಡಿನ ಗೋದಾಮಿನೊಳಗೆ, ಗೂಡ್ಸ್ ಡಬ್ಬಿಯೊಳಗೆ, ಒತ್ತೊತ್ತಾಗಿ ನಿಂತ ಕಟ್ಟಡಗಳ ಸಂದಿಯೊಳಗೆ ಉಪಗ್ರಹದ ಸಂಕೇತ ಸರಿಯಾಗಿ ಇಳಿಯುವುದಿಲ್ಲ. ಫೋನಿನ ನಕಾಶೆಯ ನೀಲಿ ಚುಕ್ಕೆ ಅಂಥ ಕಡೆ ಕುಡಿದವನ ಹಾಗೆ ಅಲೆಯುತ್ತದೆ. ನಾನು ಆ ಕ್ರಮವನ್ನು ತಿರುವಿ ಹಾಕಿದೆ. ಹುಡುಕಬೇಕಾದ ವಸ್ತು ಆಕಾಶ ನೋಡುವುದೇ ಬೇಡ. ಅದಕ್ಕೊಂದು ಬೆಂಕಿಪೊಟ್ಟಣದಷ್ಟು ಡಬ್ಬಿ ಕಟ್ಟಿದರೆ, ಡಬ್ಬಿ ನಿಮಿಷಕ್ಕೊಮ್ಮೆ 'ಇದ್ದೇನೆ' ಎಂದು ಸಣ್ಣ ರೇಡಿಯೊ ಕೂಗು ಹಾಕುತ್ತದೆ. ಎತ್ತರದ ಕಟ್ಟಡಗಳ ತಾರಸಿಯ ಮೇಲೆ ಕುಳಿತ ಕಿವಿಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಆ ಕಿವಿಗಳ ಗಡಿಯಾರಗಳನ್ನು ಮಾತ್ರ ಉಪಗ್ರಹಗಳು ತಿದ್ದುತ್ತಿರುತ್ತವೆ. ಕೂಗು ಹತ್ತಿರದ ಕಿವಿಗೆ ಮೊದಲು ಮುಟ್ಟುತ್ತದೆ, ದೂರದ ಕಿವಿಗೆ ಆಮೇಲೆ. ಆ ವ್ಯತ್ಯಾಸ ರೆಪ್ಪೆ ಬಡಿಯುವ ಹೊತ್ತಿನ ಲಕ್ಷದಲ್ಲೊಂದು ಪಾಲು. ಅದನ್ನು ಅಳೆದರೆ ಕೂಗಿದವನು ಎಲ್ಲಿದ್ದಾನೆಂದು ತಿಳಿಯುತ್ತದೆ.

ಇಷ್ಟು ಹೊಸದಲ್ಲ, ಪುಸ್ತಕದಲ್ಲಿದೆ. ಆದರೆ ಅದಕ್ಕೆ ನಾಲ್ಕು ತಾರಸಿ ಬೇಕು, ಅವು ನಾಲ್ಕು ದಿಕ್ಕಿಗೆ ಇರಬೇಕು. ನಮಗೆ ಸಿಕ್ಕಿದ್ದು ಮೂರು: ಠಾಣೆಯಲ್ಲಿ ಒಂದು, ಥಾಕುರ್ಲಿಯಲ್ಲಿ ನಮ್ಮದೇ ಕಟ್ಟಡ, ಕಲ್ಯಾಣದಲ್ಲಿ ಒಬ್ಬ ಧಾನ್ಯದ ವ್ಯಾಪಾರಿಯದು. ನಾಲ್ಕನೆಯದಕ್ಕೆ ಘನ್ಸೋಲಿಯ ಸೊಸೈಟಿಯೊಂದರ ಸೆಕ್ರೆಟರಿಯನ್ನು ಆರು ಸಲ ಕಂಡೆ. ಆಂಟೆನಾದಿಂದ ಪಾರಿವಾಳ ಸಾಯುತ್ತವೆ ಎಂದು ಆತ ಕೈಮುಗಿದ. ಪಾರಿವಾಳ ಬಾರದಿರಲಿ ಎಂದು ಅದೇ ತಾರಸಿಗೆ ಸುತ್ತ ಬಲೆ ಕಟ್ಟಿಸಿದವನೂ ಅವನೇ.

ಸಿಕ್ಕ ಮೂರು ತಾರಸಿಗಳೂ ರೈಲು ಹಳಿಯ ಗುಂಟ, ದಾರ ಹಿಡಿದಂತೆ ಒಂದೇ ಗೆರೆಯಲ್ಲಿದ್ದವು. ಹಾಗಿದ್ದಾಗ ಲೆಕ್ಕಕ್ಕೆ ಯಾವಾಗಲೂ ಎರಡು ಉತ್ತರ ಬರುತ್ತವೆ. ಹಳಿಯಿಂದ ಈ ಕಡೆ ಏಳುನೂರು ಮೀಟರಿಗೆ ಒಂದು ಚುಕ್ಕೆ, ಆ ಕಡೆ ಏಳುನೂರು ಮೀಟರಿಗೆ ಕನ್ನಡಿಯಲ್ಲಿ ಕಂಡಂತೆ ಇನ್ನೊಂದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಯಂತ್ರ ಎರಡನ್ನೂ ತೋರಿಸಿ ಸುಮ್ಮನಾಗುತ್ತದೆ. ಎರಡರಲ್ಲಿ ನಿಜ ಯಾವುದು ಎಂದು ಆರಿಸುವ ವಿಧಾನ, ಅದು ನನ್ನದು. ಚುಕ್ಕೆ ನಡೆದು ಬಂದ ದಾರಿಯನ್ನು ನೋಡಿ, ಯಾವ ಕಡೆಯ ಗಲ್ಲಿಗಳ ತಿರುವಿಗೆ ಆ ನಡಿಗೆ ಹೊಂದುತ್ತದೆ ಎಂದು ಯಂತ್ರವೇ ತೀರ್ಮಾನಿಸಬೇಕು. ನಾಲ್ಕನೇ ತಾರಸಿಯ ಖರ್ಚಿಲ್ಲ, ಸೆಕ್ರೆಟರಿಯ ಮುಖ ನೋಡುವ ಕರ್ಮವಿಲ್ಲ.

ಮಾಲಿಕ ಜಯೇಶ್ ಠಾಣೆಯಲ್ಲೇ ಹುಟ್ಟಿದ ಕಾರ್ಕಳದ ಕಡೆಯ ಹುಡುಗ. ಹುಡುಗ ಎನ್ನುವುದು ನನ್ನ ಅಭ್ಯಾಸ, ಅವನಿಗೆ ನಲವತ್ತೊಂದು. ಅವನು ಹಾಕಿದ ಷರತ್ತು ಸರಳವಾಗಿತ್ತು.

"ತೀಸ್ ದಿನ್, ಯಾಮಿನಿ ಮೇಡಂ. ಮೂವತ್ತು ದಿನ ಲೈನಾಗಿ ಕರೆಕ್ಟ್ ಬಂದ್ರೆ ಪೇಟೆಂಟಿಗೆ ಹಾಕೋಣ. ನಿಮ್ಮ ಒಬ್ಬರದೇ ನಾಮ್. ಒಂದು ದಿನ ತಪ್ಪಿದ್ರೂ ಫಿರ್ ಸೇ ಒಂದರಿಂದ ಎಣಿಕೆ."

ಡಬ್ಬಿ ಹೊರುವವರು ಬೇಕಾಗಿತ್ತು. ಕಂಪನಿಯ ಉಳಿದವರೆಲ್ಲ ನವಿ ಮುಂಬೈಯವರು, ಅಲ್ಲಿಗೆ ನನ್ನ ಕಿವಿಗಳು ಮುಟ್ಟುವುದಿಲ್ಲ. ಡೊಂಬಿವಲಿಯವರು ಒಬ್ಬರೇ ಇದ್ದರು, ನಮ್ಮ ಚಹಾದ ದೇಜಪ್ಪ. ವಯಸ್ಸು ಅರವತ್ತರ ಹತ್ತಿರ. ಆಫೀಸಿನ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಕ್ಯಾಂಟೀನು, ಹದಿನೆಂಟು ವರ್ಷದಿಂದ ಅಲ್ಲೇ. ತುಳುನಾಡಿನವರು, ಮಾತು ಕಡಿಮೆ, ಚಹಾ ಖಡಕ್. ಕೆಲಸದ ದಾಖಲೆಯಲ್ಲಿ ಅವರ ವಿಳಾಸ ಡೊಂಬಿವಲಿ ಈಸ್ಟ್ ಎಂದಿತ್ತು.

ಮಾರ್ಚ್ ತಿಂಗಳಲ್ಲಿ ಡಬ್ಬಿಯನ್ನು ಅವರ ಕೈಚೀಲಕ್ಕೆ ಹಾಕಿದೆ. ದಿನಾ ರಾತ್ರಿ ಎಂಟೂವರೆಗೆ ನಾನು ಫೋನ್ ಮಾಡುವುದು, ಅವರೆಲ್ಲಿದ್ದಾರೆಂದು ನಾನೇ ಹೇಳುವುದು, ಅವರು ಸರಿಯೋ ತಪ್ಪೋ ಹೇಳುವುದು. ಇದು ಒಪ್ಪಂದ.

ಮೊದಲ ದಿನ ಯಂತ್ರ ಆರಿಸಿದ್ದನ್ನು ಜಂಬದಿಂದ ಓದಿದೆ. "ಡೊಂಬಿವಲಿ ವೆಸ್ಟ್. ಸ್ಟೇಷನ್ನಿಂದ ಏಳುನೂರು ಮೀಟರ್. ಕೂತಿದ್ದೀರ, ನಡೀತಾ ಇಲ್ಲ. ಅಲ್ಲದಿದ್ರೆ ಎಲ್ಲಿದ್ದೀರ ಹೇಳಿ."

ಆ ಕಡೆ ಚೀಲ ಸರಿಸಿದ ಸದ್ದು ಕೇಳಿತು. ಆಮೇಲೆ, "ಇಲ್ಲ ಮೇಡಂ. ತಪ್ಪು. ನಾನು ಈಸ್ಟಲ್ಲಿ ಅಲ್ವಾ ಇರೂದು? ಮನೆಯಲ್ಲಿದ್ದೇನೆ. ಬಾಗಿ ಮೀನು ಕಾಯಿಸ್ತಾ ಇದ್ದಾಳೆ."

ಬಾಗಿ ಅವರ ಹೆಂಡತಿ. ಮರುದಿನವೂ ವೆಸ್ಟ್ ಬಂತು, ಅದರ ಮರುದಿನವೂ. ದೇಜಪ್ಪ ಪ್ರತಿಸಲ ಮೆಲ್ಲಗೆ, ನನಗೆ ನೋವಾಗದ ಹಾಗೆ, "ತಪ್ಪು ಮೇಡಂ" ಎನ್ನುತ್ತಿದ್ದರು. ಒಂದು ತಿಂಗಳು ನಾನು ಗಲ್ಲಿಗಳ ನಕಾಶೆಯನ್ನು ಜಾಲಾಡಿದೆ. ಗಡಿಯಾರ ಬಿಚ್ಚಿದೆ, ಆಂಟೆನಾ ಬದಲಿಸಿದೆ. ಯಂತ್ರ ತಪ್ಪಬಹುದು, ಆದರೆ ಒಬ್ಬ ಮನುಷ್ಯನಿಗೆ ತಾನು ಎಲ್ಲಿ ಕೂತಿದ್ದೇನೆ ಎಂಬುದು ಗೊತ್ತಿರುವುದಿಲ್ಲವೇ?

ಏಪ್ರಿಲ್‌ನಲ್ಲಿ ಉಪಾಯ ಹೊಳೆಯಿತು. ಯಂತ್ರಕ್ಕೆ ಗಲ್ಲಿಗಳ ತಿರುವು ತಿಳಿದಿತ್ತು, ಮನುಷ್ಯನ ಸ್ವಭಾವ ತಿಳಿದಿರಲಿಲ್ಲ. ಸಂಜೆಯಾದರೆ ಮನುಷ್ಯ ಮನೆಗೆ ಹೋಗುತ್ತಾನೆ. ಎರಡು ಚುಕ್ಕೆಗಳಲ್ಲಿ ಒಂದು ಅವನ ಮನೆಯ ಹತ್ತಿರವಿದ್ದರೆ ಅದಕ್ಕೆ ತೂಕ ಹೆಚ್ಚು ಕೊಡಬೇಕು. ಕಾಗದಪತ್ರದಲ್ಲಿ ಅದಕ್ಕೆ ಉದ್ದದ ಹೆಸರಿಟ್ಟೆ, ಬಾಯಲ್ಲಿ 'ಮನೆಯ ತೂಕ' ಎಂದು ಕರೆಯುತ್ತಿದ್ದೆ. ಅಂದಿನಿಂದ ಚುಕ್ಕೆ ಹಳಿ ದಾಟಿ ಈಸ್ಟಿಗೆ ಬಂದು ಕೂತಿತು. ಅವರ ವಿಳಾಸಕ್ಕೂ ಚುಕ್ಕೆಗೂ ನೂರಿಪ್ಪತ್ತು ಮೀಟರ್ ಅಂತರ ಉಳಿಯುತ್ತಿತ್ತು. ನೂರೈವತ್ತರ ಒಳಗಿದ್ದರೆ ಸರಿ ಎಂದು ಷರತ್ತಿತ್ತು, ಹಾಗಾಗಿ ಅದನ್ನು ಗಡಿಯಾರದ ತಲೆಗೆ ಕಟ್ಟಿ ಸುಮ್ಮನಾದೆ.

ನಡುವೆ ಒಂದೆರಡು ಸಲ ತಾರಸಿಯ ವೈರನ್ನು ಇಲಿ ಕಡಿಯಿತು, ಮಳೆಗಾಲದಲ್ಲಿ ಕಲ್ಯಾಣದ ಕಿವಿಗೆ ನೀರು ನುಗ್ಗಿತು. ಎಣಿಕೆ ಮತ್ತೆ ಮತ್ತೆ ಒಂದಕ್ಕೆ ಬಂತು. ಜಯೇಶ್ ಸಿಡುಕುತ್ತಿದ್ದ. ನಾನೂ ಸಿಡುಕಿದಂತೆ ನಟಿಸುತ್ತಿದ್ದೆ. ನಿಜ ಹೇಳುತ್ತೇನೆ, ಇಲಿಯ ಮೇಲೆ ನನಗೆ ಸಿಟ್ಟು ಬಂದಿರಲಿಲ್ಲ. ಎಂಟೂವರೆಯ ಆ ಹತ್ತು ನಿಮಿಷ ಬಿಟ್ಟರೆ ಮನೆಗೆ ಬಂದ ಮೇಲೆ ನನ್ನೊಡನೆ ಮಾತಾಡುವವರು ಯಾರೂ ಇರಲಿಲ್ಲ. ಭಾನುವಾರ ಬೆಳಗಿನಿಂದ ಎಂಟೂವರೆಯವರೆಗೆ ಬಾಯಿ ತೆರೆಯದೆ ಇದ್ದು, ಫೋನಿನಲ್ಲಿ ಮೊದಲ ಮಾತಾಡುವಾಗ ಗಂಟಲು ಕಟ್ಟಿರುತ್ತಿತ್ತು. ಕೆಮ್ಮಿ ಸರಿಮಾಡಿಕೊಂಡು ಮಾತಾಡುತ್ತಿದ್ದೆ.

ಸರಿ–ತಪ್ಪು ಹೇಳುವುದಕ್ಕೆ ಹತ್ತು ಸೆಕೆಂಡು ಸಾಕು. ಉಳಿದ ಹೊತ್ತೆಲ್ಲ ಬಾಗಿಯದು. ಇವತ್ತು ಬಂಗುಡೆ, ಇವತ್ತು ಬಸಳೆ. ಬಾಗಿಗೆ ಮೊಣಕಾಲು ನೋವು, ಎಣ್ಣೆ ತಿಕ್ಕಿದ್ದಾಯಿತು. ನಲ್ಲಿಯ ಹತ್ತಿರ ಪಕ್ಕದವಳ ಜೊತೆ ಜಗಳವಾಡಿ ಬಾಗಿಯೇ ಗೆದ್ದಳು. ನಾನೂ ಬಿಡುತ್ತಿರಲಿಲ್ಲ. "ಬಾಗಿಯಕ್ಕನಿಗೆ ಕೇಳಿದೆ ಅಂತ ಹೇಳಿ" ಎನ್ನುತ್ತಿದ್ದೆ. ದೇಜಪ್ಪ ಫೋನನ್ನು ಸ್ವಲ್ಪ ಆಚೆ ಹಿಡಿದು ತುಳುವಿನಲ್ಲಿ ಏನೋ ಕೇಳಿ, ಉತ್ತರ ಬರುವಷ್ಟು ಹೊತ್ತು ಕಾದು, ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

"ನಿಮ್ಮ ಮೈಸೂರಿನವ್ರು ತೆಂಗಿನಕಾಯಿ ಹಾಕದೆ ಸಾರು ಮಾಡೂದಂತೆ, ಹೌದಾ? ಅದು ಎಂತ ಸಾರು, ಬಿಸಿ ನೀರಲ್ವಾ ಅಂತ ಕೇಳ್ತಾ ಇದ್ದಾಳೆ ಮಾರಾಯ್ರೆ."

"ಒಂದು ದಿನ ಪುಡಿ ಕಳಿಸ್ತೀನಿ, ಉಂಡು ನೋಡಿ ಆಮೇಲೆ ಮಾತಾಡಲಿ ಅಂತ ಹೇಳಿ."

ಕಾಣದ ಆ ಹೆಂಗಸು ನನಗೆ ಬಹಳ ಹತ್ತಿರದವಳಾದಳು. ಗೆಳತಿ ಎನ್ನುವಂಥವರು ಬೇರೆ ಯಾರೂ ಇರಲಿಲ್ಲ, ಅದಕ್ಕೆ ಇರಬಹುದು.

ಅಕ್ಟೋಬರ್ ಕೊನೆಗೆ ಇಲಿಯೂ ಬರಲಿಲ್ಲ, ಮಳೆಯೂ ಬರಲಿಲ್ಲ. ಎಣಿಕೆ ಇಪ್ಪತ್ತೇಳಕ್ಕೆ ಬಂತು. ಇನ್ನು ಮೂರೇ ದಿನ ಸರಿ ಬಂದರೆ ವಿಧಾನ ನನ್ನ ಹೆಸರಿಗೆ. ಹಾಗೆಯೇ ಇನ್ನು ಮೂರೇ ದಿನ ಫೋನು. ಎರಡನ್ನೂ ಒಟ್ಟಿಗೆ ಯೋಚಿಸಲು ನನಗೆ ಧೈರ್ಯ ಇರಲಿಲ್ಲ.

ಇಪ್ಪತ್ತೆಂಟನೆಯ ದಿನ ಬೆಳಗ್ಗೆ ಜಯೇಶ್ ಹೊಸ ಮಾತು ತೆಗೆದ. "ಲಾಸ್ಟ್ ಮೂರು ದಿನ ಯಾರಾದ್ರೂ ಜಾಗಕ್ಕೆ ಹೋಗಿ ನೋಡ್ಬೇಕು. ಬರೀ ಫೋನ್ ಮೇಲೆ ಕ್ಲೈಂಟ್ ನಂಬಲ್ಲ. ಸುಪ್ರೀತನನ್ನ ಕಳಿಸ್ಲಾ?"

ಸುಪ್ರೀತ್ ನನ್ನ ಕೈಕೆಳಗಿನ ಎಂಜಿನಿಯರ್. ಬೇಡ, ನಾನೇ ಹೋಗುತ್ತೇನೆ ಎಂದೆ. ಬಾಗಿಯನ್ನು ನೋಡಬೇಕೆಂಬ ಆಸೆ ನನಗೆ ಆರು ತಿಂಗಳಿನದು. ದೇಜಪ್ಪನಿಗೆ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ ಸಡಗರ ಮಾಡುತ್ತಾರೆ, ಮೊಣಕಾಲು ನೋವಿನ ಹೆಂಗಸು ನಾಲ್ಕು ಬಗೆ ಅಡುಗೆಗೆ ನಿಲ್ಲುತ್ತಾಳೆ ಎಂದು ಸುಮ್ಮನಿದ್ದೆ. ಹಿಂದಿನ ವಾರ ಹುರಿದು ಪುಡಿ ಮಾಡಿಟ್ಟ ಸಾರಿನ ಪುಡಿಯನ್ನು ಒಂದು ಬಾಟಲಿಗೆ ತುಂಬಿದೆ. ಡಬ್ಬಿಯ ದಿಕ್ಕು ತೋರಿಸುವ ಕೈ ಆಂಟೆನಾವನ್ನು, ಅದು ಬಟ್ಟೆ ಹೋದ ಕೊಡೆಯ ಹಾಗಿರುತ್ತದೆ, ಮಡಚಿ ಚೀಲಕ್ಕೆ ಹಾಕಿಕೊಂಡೆ.

ಏಳೂವರೆಗೆ ಡೊಂಬಿವಲಿ ಈಸ್ಟಿನಲ್ಲಿ ದಾಖಲೆಯ ವಿಳಾಸದ, ಸಾಲು ಕೋಣೆಗಳ ಚಾಳಿನ ಮುಂದೆ ನಿಂತಿದ್ದೆ. ಬಾಗಿಲ ಸಂಖ್ಯೆ ಹನ್ನೊಂದು. ಒಳಗೆ ಬೇರೆ ಯಾರದೋ ಮಕ್ಕಳು ಟಿವಿ ನೋಡುತ್ತಿದ್ದವು. ಪಕ್ಕದ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ನನ್ನ ಮರಾಠಿ ಕೇಳಿ ಕನ್ನಡದಲ್ಲೇ ಉತ್ತರ ಕೊಟ್ಟಳು.

"ಯಾರ್ ಬೇಕಾಗಿತ್ರಿ?"

ದೇಜಪ್ಪ ಎಂದೆ. ಅವಳು ಸೊಪ್ಪು ಕೆಳಗಿಟ್ಟಳು. ಹೆಸರು ಚಂದ್ರಬಾಯಿಯಂತೆ, ಇಂಡಿ ತಾಲೂಕಿನವಳು.

"ಅವ್ರು ಖೋಲಿ ಬಿಟ್ಟು ಎಂಟ್ಹತ್ತು ತಿಂಗಳಾತಲ್ರೀ. ಬಾಗಿಯಕ್ಕ ಹೋದ ಮ್ಯಾಲ ಒಂದ್ ತಿಂಗಳ ಹ್ಯಾಂಗೋ ಇದ್ರು. ಎರಡು ತಾಟು ಹಾಕ್ಕೊಂಡು ಕುಂದರ್ತಿದ್ರು ನೋಡ್ರಿ, ಒಂದರಾಗ ಉಣ್ಣೋರು, ಒಂದು ಹಂಗs ಇರ್ತಿತ್ತು. ನಮಗ ನೋಡಾಕ ಆಗಲಿಲ್ಲ. ಕಡೀಕ ತಾವs ಬಿಟ್ಟು ಹೋದ್ರು."

"ಬಾಗಿಯಕ್ಕ ಎಲ್ಲಿಗೆ ಹೋದರು?" ಎಂದು ಕೇಳಿದೆ. ಕೇಳುವಾಗಲೇ ನನಗೆ ತಿಳಿದಿತ್ತು.

"ಸತ್ತಳಲ್ರೀ ಆಕಿ. ಸಂಕ್ರಾಂತಿ ಹಿಂದ ಮುಂದ. ನಿಮಗ ಗೊತ್ತs ಇಲ್ಲೇನು? ನನ್ನ ಜೋಡಿ ನಳದ ಮ್ಯಾಲ ದಿನಾ ಜಗಳಾಡ್ತಿದ್ಲು. ಈಗ ಜಗಳಾಡಾಕೂ ಯಾರಿಲ್ಲ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಫೋನಿನಲ್ಲಿ ಯಂತ್ರ ತೋರಿಸುತ್ತಿತ್ತು: ದೇಜಪ್ಪ ಈಸ್ಟಿನಲ್ಲಿದ್ದಾರೆ, ನಿನ್ನಿಂದ ನೂರಿಪ್ಪತ್ತು ಮೀಟರ್. ಆಂಟೆನಾ ಬಿಡಿಸಿ ತಿರುಗಿಸಿದೆ. ಅದು ಹಳಿಯ ಕಡೆಗೆ, ಹಳಿಯಾಚೆಗೆ ಬೊಟ್ಟು ಮಾಡಿತು.

ಸಾರಿನ ಪುಡಿಯ ಬಾಟಲಿಯನ್ನು ಚಂದ್ರಬಾಯಿಯ ಕೈಗೆ ಕೊಟ್ಟೆ. ಇದೇನು ಎಂದು ಅವಳು ಕೇಳಿದ್ದಕ್ಕೆ ಏನು ಹೇಳಿದೆನೋ ನೆನಪಿಲ್ಲ. ಸ್ಟೇಷನ್ನಿನ ಸೇತುವೆ ಹತ್ತಿ, ಇಳಿಯುವ ಜನರ ನೂಕಿನಲ್ಲಿ ಎದುರಾಗಿ ನಡೆದು ವೆಸ್ಟಿಗೆ ಇಳಿದೆ. ಆಗ ನನ್ನಲ್ಲಿ ದುಃಖ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಇದ್ದದ್ದು ಸಿಟ್ಟು. ಮಾರ್ಚ್ ತಿಂಗಳಲ್ಲೇ ನನ್ನ ಯಂತ್ರ ಸರಿ ಹೇಳಿತ್ತು. ಮೊದಲ ದಿನ, ಮೊದಲ ಸಲವೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎಂಟು ತಿಂಗಳು ಹುಡುಕಿದ್ದೆ. ಸರಿಯಿದ್ದದ್ದನ್ನು ಕೈಯಾರೆ ಕೆಡಿಸಿ, ಕೆಟ್ಟದ್ದಕ್ಕೆ ಇಪ್ಪತ್ತೇಳು ದಿನ ಸರಿ ಎಂದು ಗುರುತು ಹಾಕಿದ್ದೆ. ಬಾಗಿ ಎಂಬ ಗೆಳತಿ ಸತ್ತಿದ್ದಳು, ಅದೂ ನಾನು ಅವಳ ಹೆಸರು ಕೇಳುವ ಮೊದಲೇ. ಇದಕ್ಕೆಲ್ಲ ಯಾರ ಮೇಲಾದರೂ ಸಿಟ್ಟು ಮಾಡಲೇಬೇಕಿತ್ತು.

ಆಂಟೆನಾ ಒಂದು ಲಂಚ್ ಹೋಮಿನ ಹಿಂದಿನ ಗಲ್ಲಿಗೆ ಕರೆದುಕೊಂಡು ಹೋಯಿತು. ತೊಳೆದ ತಟ್ಟೆಗಳ ರಾಶಿ, ತರಕಾರಿ ಕ್ರೇಟುಗಳು. ಒಂದು ಕ್ರೇಟನ್ನು ಬೋರಲು ಹಾಕಿ ದೇಜಪ್ಪ ಕುಳಿತಿದ್ದರು. ತಲೆಗೆ ನೀರು ಹಾಕಿ ಬಾಚಿಕೊಂಡಿದ್ದರು, ಒಗೆದ ಅಂಗಿ ಹಾಕಿದ್ದರು. ಚೀಲ ಮಡಿಲಲ್ಲಿ, ಫೋನು ಕೈಯಲ್ಲಿ. ಮತ್ತೆ ಮತ್ತೆ ಗಂಟೆ ನೋಡುತ್ತಿದ್ದರು. ಇಷ್ಟು ತಯಾರಿ ನನ್ನ ಫೋನಿಗೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮುಚ್ಚಿದ ಟೈಲರ್ ಅಂಗಡಿಯ ಕಟ್ಟೆಯ ಮರೆಯಲ್ಲಿ ನಿಂತು ಎಂಟೂವರೆಗೆ ಫೋನ್ ಮಾಡಿದೆ.

"ಹೇಳಿ ಮೇಡಂ, ಇವತ್ತು ಎಲ್ಲಿ ತೋರಿಸ್ತಾ ಉಂಟು?"

"ನೀವೇ ಹೇಳಿ ದೇಜಪ್ಪನವರೇ. ಎಲ್ಲಿದ್ದೀರ?"

"ಮನೆಯಲ್ಲಿ. ಮತ್ತೆ ಎಲ್ಲಿಗೆ ಹೋಗ್ಲಿಕ್ಕುಂಟು ನಮಗೆ? ಇವತ್ತು ಬಂಗುಡೆ ಸಿಕ್ಕಿತು ಮೇಡಂ, ಒಳ್ಳೇ ತಾಜಾ. ಬಾಗಿ ಮಸಾಲೆ ಅರೀತಾ ಇದ್ದಾಳೆ." ಫೋನನ್ನು ಕಿವಿಯಿಂದ ಆಚೆ ಹಿಡಿದು, ಗೋಡೆಯ ಕಡೆ ಮುಖ ತಿರುಗಿಸಿ, ತುಳುವಿನಲ್ಲಿ ಮೆತ್ತಗೆ ಏನೋ ಕೇಳಿದರು. ಗೋಡೆಯಲ್ಲಿ ಒಂದು ನಲ್ಲಿ ಮಾತ್ರ ಇತ್ತು. ಉತ್ತರ ಬರುವಷ್ಟು ಹೊತ್ತು ಕಾದರು. ಕಾಯುವಾಗ ಮುಖದಲ್ಲಿ ನಗು ಇತ್ತು. "ಮೇಡಂದು ಊಟ ಆಯ್ತಾ ಅಂತ ಕೇಳ್ತಾ ಇದ್ದಾಳೆ."

ಆಗ ಫೋನ್ ಇಟ್ಟು ಮನೆಗೆ ಹೋಗಬಹುದಿತ್ತು. ಹೋಗಬೇಕಿತ್ತು. ನಾನು ಮರೆಯಿಂದ ಹೊರಗೆ ಬಂದೆ.

ದೇಜಪ್ಪ ನನ್ನನ್ನು ನೋಡಿ ತಟ್ಟನೆ ಎದ್ದರು. ಮೊದಲು ಅಭ್ಯಾಸದಂತೆ, "ಮೇಡಂ... ಚಾ ತಕೊಳ್ತೀರಾ?" ಎಂದರು. ಆಮೇಲೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಆಂಟೆನಾದ ಮೇಲೆ ಬಿತ್ತು.

ಬಾಗಿಯಕ್ಕ ಹೋದರಂತೆ, ಯಾಕೆ ಹೇಳಲಿಲ್ಲ, ಹೇಗಿದ್ದೀರ? ಕೇಳಬೇಕಾದ್ದು ಇದು. ನನ್ನ ಬಾಯಿಂದ ಬಂದದ್ದು ಬೇರೆ.

"ಎಂಟು ತಿಂಗಳು ನನ್ನ ಮೂರ್ಖಳನ್ನ ಮಾಡಿದ್ರಲ್ಲ ದೇಜಪ್ಪನವರೇ! ನನ್ನ ಲೆಕ್ಕ ಎಲ್ಲ ಹಾಳಾಯ್ತು. ಒಂದು ದಿನ, ಒಂದೇ ಒಂದು ದಿನ ನಿಜ ಹೇಳಿದ್ರೆ ಏನಾಗ್ತಿತ್ತು?"

ಗಲ್ಲಿಯಲ್ಲಿ ತಟ್ಟೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ದೇಜಪ್ಪ ಅವರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಚೀಲದಿಂದ ಡಬ್ಬಿ ತೆಗೆದು, ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ಕಳ್ಳನನ್ನು ಹುಡುಕುವ ಹಾಗೆ ಇದನ್ನು ಹಿಡ್ಕೊಂಡು ಬಂದ್ರಾ ಮೇಡಂ?" ಅವರ ಧ್ವನಿ ಏರಿರಲಿಲ್ಲ. "ಎಲ್ಲಿದ್ದೀರಿ ಅಂತ ನೀವು ಕೇಳಿದ್ರಿ. ನಾನು ಹೇಳಿದೆ. ಅಷ್ಟಕ್ಕೆ ಬಿಟ್ಟಿದ್ರೆ ಆಗ್ತಿತ್ತು."

ಲಂಚ್ ಹೋಮಿನ ಹಿಂಬಾಗಿಲಿನಿಂದ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನಮ್ಮ ನನ್ನ ನಾಲಿಗೆಯನ್ನು ನೋಡಿಯೇ ಹೇಳುತ್ತಿದ್ದಳು. ನಾನು ಡಬ್ಬಿ ಹಿಡಿದುಕೊಂಡು ಥಾಕುರ್ಲಿಯವರೆಗೆ ನಡೆದೇ ಬಂದೆ.

ಮರುದಿನ ಕ್ಯಾಂಟೀನು ತೆರೆಯಲಿಲ್ಲ. ಅದರ ಮರುದಿನ ಯಾರೋ ಬಂದು ಸ್ಟೌ, ಪಾತ್ರೆ ಒಯ್ದರಂತೆ. ನಾನು ಲಂಚ್ ಹೋಮಿಗೆ ಹೋಗಿ ವಿಚಾರಿಸಿದೆ. ರಾತ್ರಿ ಇಲ್ಲೇ ಮಲಗುತ್ತಿದ್ದ ದೇಜಪ್ಪ ಗಂಟುಮೂಟೆ ಕಟ್ಟಿ ಹೋದರು, ಎಲ್ಲಿಗೆಂದು ಹೇಳಲಿಲ್ಲ ಎಂದರು. ಅವರ ಫೋನು ಬಂದ್ ಆಗಿತ್ತು.

ವರದಿ ಬರೆಯುವುದು ಉಳಿದಿತ್ತು. ನನ್ನ ಮುಂದೆ ಎರಡು ದಾರಿ ಇದ್ದವು. ಡಬ್ಬಿ ಹೊತ್ತವನು ಎಂಟು ತಿಂಗಳು ಸುಳ್ಳು ಹೇಳಿದ, ಯಂತ್ರ ಮೊದಲಿನಿಂದಲೂ ಸರಿಯಿತ್ತು ಎಂದು ಬರೆದರೆ ಹಳೆಯ ಅಂಕಿಗಳೇ ಸಾಕು. ವಿಧಾನ ನಾಳೆಯೇ ನನ್ನ ಹೆಸರಿಗೆ. ಆದರೆ ಸುಳ್ಳು ಎಂದು ಬರೆದ ಮೇಲೆ ಯಾಕೆ ಎಂದು ಜಯೇಶ್ ಕೇಳುತ್ತಾನೆ, ಕ್ಲೈಂಟ್ ಕೇಳುತ್ತಾನೆ. ಹೆಂಡತಿ ಸತ್ತವನು ಗೋಡೆಯೊಡನೆ ಮಾತಾಡುತ್ತಿದ್ದ ಎಂಬುದನ್ನು ಆಫೀಸಿನ ಹನ್ನೆರಡು ಜನ ಚಹಾ ಕುಡಿಯುತ್ತಾ ಮಾತಾಡುತ್ತಾರೆ. ಹದಿನೆಂಟು ವರ್ಷ ಅವರು ಮಾಡಿಕೊಟ್ಟ ಚಹಾ ಕುಡಿದವರು.

ನಾನು ಬರೆದೆ: 'ಡಬ್ಬಿ ಹೊತ್ತವರು ವಾಸಸ್ಥಳ ಬದಲಿಸಿದ್ದನ್ನು ನಾನು ವಿಚಾರಿಸಿರಲಿಲ್ಲ. ಹಳೆಯ ವಿಳಾಸವನ್ನೇ ನಂಬಿ ಮನೆಗೆ ತೂಕ ಕೊಟ್ಟದ್ದು ನನ್ನ ತಪ್ಪು. ಇಪ್ಪತ್ತೇಳು ದಿನಗಳ ಫಲಿತಾಂಶವನ್ನು ರದ್ದು ಮಾಡಬೇಕು.'

ಜಯೇಶ್ ಅದನ್ನು ಎರಡು ಸಲ ಓದಿದ. "ಆಠ್ ಮಹೀನೇ! ಅಡ್ರೆಸ್ ಒಂದ್ ಸಲ ಚೆಕ್ ಮಾಡಿಲ್ವಾ ಮೇಡಂ? ಕಮಾಲ್ ಹೈ." ಅವನಿಗೆ ಬೇಸರವಾಗಿತ್ತು, ನನ್ನನ್ನು ಗೌರವಿಸುತ್ತಿದ್ದ ಹುಡುಗ. ಪರೀಕ್ಷೆಯನ್ನು ಸುಪ್ರೀತನಿಗೆ ವಹಿಸಿದ. ಸುಪ್ರೀತ್ ಮನೆಯ ತೂಕವನ್ನು ತೆಗೆದುಹಾಕಿ, ಡಬ್ಬಿಯನ್ನು ತಾನೇ ಜೇಬಿಗೆ ಹಾಕಿಕೊಂಡು ಡೊಂಬಿವಲಿ, ಕಲ್ಯಾಣವೆಲ್ಲ ಅಲೆದ. ಮೂವತ್ತಕ್ಕೆ ಮೂವತ್ತು ದಿನ ಸರಿ ಬಂತು. ಅರ್ಜಿಯಲ್ಲಿ ಅವನ ಹೆಸರು ಮೊದಲು, ನನ್ನದು ಎರಡನೆಯದು. ಅವನೇ ಬಂದು ಸಂಕೋಚದಿಂದ ಹೇಳಿದ. ಪರವಾಗಿಲ್ಲ ಕಣೋ ಎಂದೆ. ಪರವಾಗಿಲ್ಲ ಎನ್ನುವಷ್ಟು ದೊಡ್ಡವಳೇನೂ ಅಲ್ಲ ನಾನು, ಆ ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆದರೆ ಹೆಸರಿಗಾಗಿ ಅತ್ತದ್ದು ಕಡಿಮೆ.

ಈಗ ಭಿವಂಡಿಯ ಗೋದಾಮುಗಳಲ್ಲಿ ನಾನೂರು ಡಬ್ಬಿಗಳಿವೆ. ಮನೆಯಲ್ಲಿ ಕೂತು ಪರದೆ ತೆರೆದರೆ ನಾನೂರು ಚುಕ್ಕೆಗಳೂ ತಮ್ಮ ತಮ್ಮ ಜಾಗ ಹೇಳುತ್ತವೆ. ಒಂದೂ ತಪ್ಪುವುದಿಲ್ಲ. ಎಂಟೂವರೆಗೆ ನಾನು ಅದನ್ನು ನೋಡುತ್ತಾ ಊಟ ಮಾಡುತ್ತೇನೆ, ಇಲ್ಲವೇ ಊಟ ಮಾಡುವುದಿಲ್ಲ. ಯಾರೂ ಕೇಳುವುದಿಲ್ಲ.

ಜನವರಿಯ ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಬ್ಯಾಂಕಿನವರು ಇರಬೇಕೆಂದು ಸಿಡುಕಿಯೇ ಎತ್ತಿಕೊಂಡೆ.

"ಮೇಡಂ, ನಾನು ದೇಜಪ್ಪ."

ನಾನು ಕುರ್ಚಿಯಿಂದ ಎದ್ದು ನಿಂತೆ.

"ಕಾಮೋಠೆಯಲ್ಲಿದ್ದೇನೆ, ನವಿ ಮುಂಬೈ ಕಡೆ. ಪರಿಚಯದವ್ರದ್ದು ಒಂದು ಹೋಟ್ಲುಂಟು, ಅಲ್ಲಿ. ನಿಮ್ಮ ಮೆಷಿನಿಗೆ ಇಲ್ಲಿ ಕೇಳೂದಿಲ್ಲ ಅಲ್ವಾ?"

"ಇಲ್ಲ," ಎಂದೆ. "ಅಲ್ಲಿಗೆ ಮುಟ್ಟೋದಿಲ್ಲ. ದೇಜಪ್ಪನವರೇ, ಅವತ್ತು ನಾನು—"

"ಅದು ಇರ್ಲಿ. ನೀವು ಕೇಳಿದ್ರಲ್ಲ, ಒಂದು ದಿನ ನಿಜ ಹೇಳಿದ್ರೆ ಏನಾಗ್ತಿತ್ತು ಅಂತ. ಅದನ್ನು ಹೇಳ್ಲಿಕ್ಕೆ ಫೋನ್ ಮಾಡಿದೆ." ಅವರ ಹಿಂದೆ ತಟ್ಟೆಗಳ ಸದ್ದು ಕೇಳುತ್ತಿತ್ತು. "ನಾಳೆಗೆ ಬಾಗಿ ಹೋಗಿ ಒಂದು ವರ್ಷ. ಕಲ್ಯಾಣದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ನಾನು ಹತ್ತಿರವೇ ಇದ್ದೆ, ಒಂಬತ್ತು ದಿನ ಎದ್ದು ಹೋಗ್ಲಿಲ್ಲ. ಹತ್ತನೇ ದಿನ ಬೆಳಿಗ್ಗೆ, ಚಾ ಕುಡಿದು ಬನ್ನಿ, ನಿಮ್ಮ ಮುಖ ನೋಡ್ಲಿಕ್ಕಾಗೂದಿಲ್ಲ ಅಂತ ಅವಳೇ ಕಳಿಸಿದ್ದು. ಕೆಳಗೆ ಗಾಡಿಯವ್ನ ಚಾ ಸರಿ ಇರ್ಲಿಲ್ಲ. ಹೀಗೆ ಮಾಡು, ಶುಂಠಿ ಮೊದ್ಲು ಹಾಕು ಅಂತ ಅವ್ನಿಗೆ ಹೇಳ್ತಾ ನಿಂತೆ. ಚಾ ಮಾಡೂದು ಕಲಿಸ್ತಾ ನಿಂತೆ ಮೇಡಂ. ಮೇಲೆ ಹೋಗುವಾಗ ಆಗಿ ಹೋಗಿತ್ತು. ಎಲ್ಲಿದ್ರಿ ಇಷ್ಟು ಹೊತ್ತು ಅಂತ ನರ್ಸ್ ಕೇಳಿದಳು."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ಮತ್ತೆ ಮಾರ್ಚಿನಲ್ಲಿ ನೀವು ಫೋನ್ ಮಾಡಿ, ಎಲ್ಲಿದ್ದೀರಿ ಕೇಳಿದ್ರಿ. ಬಾಗಿ ಹತ್ತಿರ ಇದ್ದೇನೆ ಅಂತ ಬಾಯಿಗೆ ಬಂತು. ಮತ್ತೆ ಬಿಡ್ಲಿಕ್ಕೆ ಆಗ್ಲಿಲ್ಲ. ಅಷ್ಟೇ ಮೇಡಂ. ನಿಮ್ಮ ಲೆಕ್ಕ ಹಾಳು ಮಾಡ್ಲಿಕ್ಕೆ ಅಲ್ಲ."

ಪರದೆಯ ಮೇಲೆ ನಾನೂರು ಚುಕ್ಕೆಗಳು ಮಿನುಗುತ್ತಿದ್ದವು. ಅದನ್ನು ಮುಚ್ಚಿದೆ. ಕೆಮ್ಮಿ ಗಂಟಲು ಸರಿಮಾಡಿಕೊಂಡರೂ ಧ್ವನಿ ಸರಿಯಾಗಲಿಲ್ಲ, ಹಾಗೆಯೇ ಹೇಳಿದೆ.

"ದೇಜಪ್ಪನವರೇ, ಫೋನ್ ಇಡಬೇಡಿ. ನಾನು ಮನೇಲಿ ಒಬ್ಬಳೇ ಇದ್ದೀನಿ. ಬಾಗಿಯಕ್ಕನ ವಿಷಯ ಇನ್ನೂ ಹೇಳಿ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿತು. ಆಮೇಲೆ, "ಅವಳಿಗೆ ಮೀನು ಆಗ್ತಿರ್ಲಿಲ್ಲ ಮೇಡಂ, ನಿಜ ಹೇಳೂದಾದ್ರೆ," ಎಂದರು. "ಮೀನಿನ ವಾಸನೆಯೇ ಆಗ್ತಿರ್ಲಿಲ್ಲ. ನನಗೋಸ್ಕರ ಮೂಗು ಮುಚ್ಚಿಕೊಂಡು ಮಾಡ್ತಿದ್ದಳು."